ಒಂದು ನಿಮಿಷ, ಯಾರೂ ಮಾತಾಡಬೇಡಿ!

ನಮ್ಮ ಚಿಕ್ಕಮ್ಮ ಹುಟ್ಟಿದ ಕೂಡಲೇ ಅಳಲಿಲ್ಲ, ಮೊದಲು ಗಂಟಲು ಸರಿಮಾಡಿಕೊಂಡಳು, ಆಮೇಲೆ ಸಮಯ ಹೇಳಿದಳು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಒಂದು ದಿನ ನಮ್ಮ ಮನೆಗೆ ಬಂದು ಅವಳ ಪಕ್ಕದಲ್ಲಿ ಕೂತು ಕಾಫಿ ಕುಡಿದು ನೋಡಿ, ಆಮೇಲೆ ನಂಬಿಕೆಯ ವಿಷಯ ಮಾತಾಡೋಣ! "ಸಮಯ ಈಗ ನಾಲ್ಕು ಗಂಟೆ ಹನ್ನೆರಡು ನಿಮಿಷ. ಈಗ ಕಾಫಿ" ಎನ್ನದೆ ಅವಳು ಲೋಟ ಕೈಗೆತ್ತಿಕೊಳ್ಳುವುದಿಲ್ಲ. ಕುಡಿದು ಕೆಳಗಿಟ್ಟ ಮೇಲೆ, "ಇದುವರೆಗೆ ಕಾಫಿ" ಎನ್ನುತ್ತಾಳೆ. ನಡುವೆ ನೀವು ಏನಾದರೂ ಮಾತಾಡಿದಿರೋ, "ಒಂದು ಚಿಕ್ಕ ವಿರಾಮದ ನಂತರ ನಿಮ್ಮ ಪ್ರಶ್ನೆಗೆ ಬರೋಣ" ಎಂದು ಚಕ್ಕುಲಿ ತಟ್ಟೆಗೆ ಕೈ ಹಾಕುತ್ತಾಳೆ.

ಅವಳು ಬಾನುಲಿ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದ್ದಾಳೆ. ಸುದ್ದಿ ತರುತ್ತಾಳೆ, ಸುದ್ದಿ ಓದುತ್ತಾಳೆ, ಬುಧವಾರ ಹನ್ನೊಂದು ಗಂಟೆಗೆ ಕೇಳುಗರ ಜೊತೆ ಫೋನಿನಲ್ಲಿ ನೇರ ಹರಟೆ ಹೊಡೆಯುತ್ತಾಳೆ. ನಾನು ಚನ್ನಗಿರಿಯಲ್ಲಿ ಬ್ಲೌಸ್ ಹೊಲಿಯುವವಳು. ನನ್ನ ಅಂಗಡಿಯಲ್ಲಿ ಷಟರ್ ಎತ್ತಿದಾಗ ಹಚ್ಚಿದ ರೇಡಿಯೋ ಷಟರ್ ಎಳೆಯುವವರೆಗೆ ಬಾಯಿ ಮುಚ್ಚುವುದಿಲ್ಲ. ಅಳತೆ ಕೊಡಲು ಬಂದವರು, "ಆ ದನಿ ನಿಮ್ಮ ಚಿಕ್ಕಮ್ಮಂದಾ? ಎಷ್ಟು ಮೆತ್ತಗೈತ್ರೀ! ಮನ್ಯಾಗೂ ಹಿಂಗೇ ಮಾತಾಡ್ತಾರೇನು?" ಎಂದು ಕೇಳುತ್ತಾರೆ. ಪುಣ್ಯಕ್ಕೆ ಆಗ ನನ್ನ ಬಾಯಲ್ಲಿ ಗುಂಡುಪಿನ್ನುಗಳು ಇರುತ್ತವೆ. ಹಾಗಾಗಿ ಸತ್ಯ ಹೇಳುವ ಕಷ್ಟ ತಪ್ಪಿದೆ.

ಈ ಮೈಕಿನ ಮಹಾಯಾತ್ರೆ ಶುರುವಾದದ್ದು ಹೊನ್ನಾಳಿಯ ಒಂದು ಕಲ್ಯಾಣ ಮಂಟಪದಲ್ಲಿ. ನೆಂಟರ ಮದುವೆ. ಚಿಕ್ಕಮ್ಮ ಆಗಷ್ಟೇ ಪಿಯುಸಿ ಮುಗಿಸಿದ್ದಳು. ಮೈಕ್‌ನವನು ಊಟಕ್ಕೆ ಎದ್ದದ್ದೇ ತಡ, ಇವಳು ಹೋಗಿ ಮೈಕ್ ಹಿಡಿದಳು. ಮೊದಲು ಊಟದ ಪಂಕ್ತಿ ಕರೆದಳು, ಆಮೇಲೆ ಕಾರಿನ ನಂಬರ್ ಹೇಳಿ ಗಾಡಿ ತೆಗೆಸಿದಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಯಾರೋ ತಂದು ಒಂದು ಹಲ್ಲಿನ ಸೆಟ್ಟು ಕೊಟ್ಟರು. "ಕೈ ತೊಳೆಯುವ ಜಾಗದಲ್ಲಿ ಒಂದು ಹಲ್ಲಿನ ಸೆಟ್ಟು ಸಿಕ್ಕಿದೆ. ಮೇಲಿನದು. ಕಳೆದುಕೊಂಡವರು ವೇದಿಕೆಗೆ ಬಂದು, ಗುರುತು ಹೇಳಿ ಪಡೆದುಕೊಳ್ಳಬೇಕು" ಎಂದು ಐದು ಸಲ, ಐದು ಬಗೆಯ ರಾಗದಲ್ಲಿ ಸಾರಿದಳು. ಇಡೀ ಮಂಟಪ ವಧೂವರರನ್ನು ಬಿಟ್ಟು ಯಾರು ಬಾಯಿಗೆ ಟವೆಲ್ ಹಿಡಿದಿದ್ದಾರೆ ಎಂದು ತಿರುತಿರುಗಿ ನೋಡತೊಡಗಿತು. ಕೊನೆಗೆ ವರನ ಅಜ್ಜನೇ ಟವೆಲ್ ಮರೆಯಲ್ಲಿ ಮೆಟ್ಟಿಲು ಹತ್ತಿ ಬಂದು, ಇವಳ ಕಿವಿಯ ಹತ್ತಿರ ಬಗ್ಗಿ, "ನಂದೇ ಕಣವ್ವಾ. ಮೊದ್ಲು ಮೈಕ್ ಬಂದ್ ಮಾಡು, ಆಮೇಲೆ ಕೊಡು" ಎಂದರು.

ಮೈಕ್ ಬಂದ್ ಆಗಿರಲಿಲ್ಲ. ಆ ಮಾತು ಊಟದ ಹಾಲಿನವರೆಗೂ ಕೇಳಿಸಿತು.

ಆಮೇಲೆ ಬಂತು ನೌಕರಿ. ನಮ್ಮ ಅಜ್ಜ ಸರ್ಕಾರಿ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರು. ಆ ಕೆಲಸ ಅನುಕಂಪದ ಮೇಲೆ ಮಗಳಿಗಾದರೂ ಸಿಗಲಿ ಎಂದು ನ್ಯಾಮತಿಯ ನಮ್ಮ ಅಜ್ಜಿ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದಳು. ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕವರನ್ನು ಸೆರಗಿನಲ್ಲಿ ಸುತ್ತಿ, ಬಸ್ಸಿನ ಕಂಬಿ ಹಿಡಿದು ನಿಂತು ಓಡಾಡಿದಳು. ಓದು ಬಾರದ ಹೆಂಗಸು ಸಾಹೇಬರ ಬಾಗಿಲ ಮುಂದೆ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು, "ನಮ್ಮ ಫೈಲ್ ಎಲ್ಲಿಗೆ ಬಂತು ರೀ?" ಎಂದು ಕೇಳಿ ಕೇಳಿ, ಅಂತೂ ಹೊನ್ನಾಳಿಯ ಒಂದು ಕಚೇರಿಯಲ್ಲಿ ಮಗಳಿಗೆ ಗುಮಾಸ್ತೆಯ ಕುರ್ಚಿ ಕೊಡಿಸಿದಳು.

ಕುರ್ಚಿಯಲ್ಲಿ ಕೂತ ಚಿಕ್ಕಮ್ಮ ಏನು ಮಾಡಿದಳು ಅಂತೀರಿ? ಫೈಲುಗಳನ್ನು ಸುದ್ದಿಯಂತೆ ಓದಿದಳು! "ಮೊದಲಿಗೆ ಮುಖ್ಯಾಂಶಗಳು. ಜಮೀನಿನ ಖಾತೆ ಬದಲಾವಣೆಗೆ ಇಬ್ಬರು ಅಣ್ಣತಮ್ಮಂದಿರ ಅರ್ಜಿ. ಮೂರನೆಯ ತಮ್ಮನ ಹೆಸರು ಅರ್ಜಿಯಲ್ಲಿಲ್ಲ. ಈಗ ವಿವರಗಳು." ಆ ಮೂರನೆಯ ತಮ್ಮ ಅದೇ ಸಾಲಿನಲ್ಲಿ ಏಳನೆಯವನಾಗಿ ನಿಂತಿದ್ದ! ಅವನು ಬಂದದ್ದು ಬೇರೆ ಯಾವುದೋ ಕೆಲಸಕ್ಕೆ. ಮುಂದಿನ ಅರ್ಧ ಗಂಟೆ ಕಚೇರಿಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದು ಬೇಡ. ಸಾಹೇಬರು ಇವಳನ್ನು ಒಳಗೆ ಕರೆದು, "ನೋಡಮ್ಮ, ಇಲ್ಲಿ ಎಲ್ಲಾ ಮನಸ್ಸಿನಾಗೆ ಓದಬೇಕು" ಎಂದರು. ಮನಸ್ಸಿನೊಳಗೆ ಓದುವುದು ಹೇಗೆ ಎಂದು ಚಿಕ್ಕಮ್ಮನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹನ್ನೊಂದನೇ ತಿಂಗಳು ರಾಜೀನಾಮೆ ಕೊಟ್ಟಳು. ಅಷ್ಟರಲ್ಲಿ ಗುಟ್ಟಾಗಿ ಬಾನುಲಿ ಕೇಂದ್ರಕ್ಕೆ ಹೋಗಿ ಧ್ವನಿ ಪರೀಕ್ಷೆ ಪಾಸು ಮಾಡಿ ಬಂದಿದ್ದಳು. ಅಲ್ಲಿ ಖಾಯಂ ಕೆಲಸವೇನಲ್ಲ, ಕರೆದ ದಿನ ಹೋಗಿ ಮಾತಾಡಿ ಬರುವ ಕೆಲಸ.

ಅಜ್ಜಿಯ ಪಿತ್ತ ನೆತ್ತಿಗೇರಿತು. "ಎರಡು ವರ್ಷ ಚಪ್ಪಲಿ ಸವೆಸಿ ತಂದ ನೌಕರಿ ಬಿಟ್ಟು ಡಬ್ಬಿಯೊಳಗೆ ಕೂತು ಮಾತಾಡಾಕೆ ಹೋಗ್ತೀಯೇನೇ? ನಿಮ್ಮಪ್ಪ ಸತ್ತಿದ್ದಕ್ಕೆ ಸಿಕ್ಕಿದ ಕೆಲಸ ಅದು. ಹೋಗು, ಹೋಗು. ನಿನ್ನ ದನಿ ಮಾತ್ರ ನಾನು ಕೇಳಂಗಿಲ್ಲ."

ಅಂದವಳೇ ಅಡುಗೆಮನೆ ಗೂಡಿನಲ್ಲಿದ್ದ ರೇಡಿಯೋದಿಂದ ಸೆಲ್ ಕಿತ್ತು ಎಸೆದು, ಅದರ ತಲೆಯ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಳು. ಭರಣಿ ಇಪ್ಪತ್ತೆರಡು ವರ್ಷ ಅಲ್ಲಿಂದ ಅಲುಗಲಿಲ್ಲ.

ಅಮ್ಮ ಮಗಳು ಮಾತು ಬಿಟ್ಟರು ಅಂದುಕೊಳ್ಳಬೇಡಿ. ಚಿಕ್ಕಮ್ಮ ಹಬ್ಬಕ್ಕೆ ಬರುತ್ತಿದ್ದಳು, ಅಜ್ಜಿ ಹೋಳಿಗೆಗೆ ತುಪ್ಪ ಸುರಿಯುತ್ತಿದ್ದಳು, ಇಬ್ಬರೂ ಊರವರ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದರು. ರೇಡಿಯೋ ಅನ್ನುವ ಪದ ಮಾತ್ರ ಆ ಮನೆಯಲ್ಲಿ ಹುಟ್ಟೇ ಇರಲಿಲ್ಲ. ಚಿಕ್ಕಮ್ಮನಿಗೆ ಬಹುಮಾನ ಬಂತು, ಪೇಪರಿನಲ್ಲಿ ಫೋಟೋ ಬಂತು. ಅಜ್ಜಿ ಆ ಪೇಪರಿನಲ್ಲಿ ಮೆಣಸಿನಕಾಯಿ ಕಟ್ಟಿಟ್ಟಳು. ನಾಲ್ಕು ತಾಲ್ಲೂಕು ಮೆಚ್ಚಿದರೂ ಚಿಕ್ಕಮ್ಮನಿಗೆ ಬೇಕಾಗಿದ್ದದ್ದು ನ್ಯಾಮತಿಯ ಒಂದೇ ಒಂದು ಬಾಯಿಯಿಂದ ಒಂದೇ ಒಂದು ಮಾತು: "ಕೇಳಿದೆ ಕಣೇ." ಪ್ರತಿ ಬುಧವಾರ ಕಾರ್ಯಕ್ರಮ ಮುಗಿದ ಕೂಡಲೇ ನನಗೆ ಫೋನ್.

"ಅವ್ವ ಕೇಳಿದ್ಲೇನೇ?"

"ಚಿಕ್ಕಮ್ಮ, ನಾನಿರೋದು ಚನ್ನಗಿರಿಯಾಗೆ. ನನಗೆ ಹೆಂಗೆ ಗೊತ್ತಾಗುತ್ತೆ?"

"ಫೋನ್ ಹಚ್ಚಿ ಕೇಳು."

ನಾನು ಫೋನ್ ಹಚ್ಚುತ್ತಿದ್ದೆ. ಅಜ್ಜಿ ಪ್ರತಿ ಸಲವೂ ಅದೇ ಉತ್ತರ ಕೊಡುತ್ತಿದ್ದಳು. "ಹನ್ನೊಂದು ಗಂಟೆಗಾ? ನಾನು ಮನ್ಯಾಗೇ ಇರಲಿಲ್ಲ. ಪಕ್ಕದ ಗೌರಕ್ಕನ ಮನೆಗೆ ಹೆಪ್ಪು ತರಾಕೆ ಹೋಗಿದ್ದೆ." ಇದನ್ನು ವರ್ಷಗಟ್ಟಲೆ ಕೇಳಿಯೂ ನನಗೆ ಏನೂ ಹೊಳೆಯಲಿಲ್ಲ ನೋಡಿ! ಹಾಲಿಗೆ ಹೆಪ್ಪು ಹಾಕುವುದು ಸಂಜೆ. ಮನೆಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು, ಮೊಸರಿನ ಗಡಿಗೆ ತುಂಬಿಟ್ಟುಕೊಂಡು, ವಾರಕ್ಕೊಮ್ಮೆ, ಅದೂ ಬುಧವಾರವೇ, ಅದೂ ಹನ್ನೊಂದಕ್ಕೇ ಯಾರಾದರೂ ಪಕ್ಕದ ಮನೆಗೆ ಹೆಪ್ಪಿಗೆ ಹೋಗುತ್ತಾರೇನು? ನೂಲಿನಷ್ಟು ವ್ಯತ್ಯಾಸವಾದರೂ ಬ್ಲೌಸಿನ ತೋಳು ಹಿಡಿದು ಹೇಳುವ ನನ್ನ ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತೋ.

ಇರಲಿ. ಚಿಕ್ಕಮ್ಮ ಮೈಕಿನ ಮುಂದೆ ಕೂತು ಕೂತು ಸುದ್ದಿ ತರುವ ಕೆಲಸಕ್ಕೂ ಇಳಿದಳು. ಹೆಗಲಿಗೊಂದು ರೆಕಾರ್ಡರ್ ತೂಗುಹಾಕಿಕೊಂಡು ಜಗಳೂರಿನ ಕಡೆ ಕುರಿ ಕಾಯುವವರನ್ನೂ ಚನ್ನಗಿರಿಯ ಅಡಿಕೆ ಮಂಡಿಯವರನ್ನೂ ಮಾತಾಡಿಸಿ ತರುತ್ತಿದ್ದಳು. ಅಲ್ಲಿ ಅವಳಿಗೊಂದು ಹೊಸ ಹುಚ್ಚು ಹಿಡಿಯಿತು. ಎಲ್ಲಿ ಸಂದರ್ಶನ ಮಾಡಿದರೂ ಕೊನೆಗೆ ಆ ಜಾಗದ ಬರೀ ಸದ್ದನ್ನು ಒಂದು ನಿಮಿಷ ಹಿಡಿದುಕೊಳ್ಳಬೇಕು. ಮಾತನ್ನು ಕತ್ತರಿಸಿ ಜೋಡಿಸುವಾಗ ನಡುವೆ ತೇಪೆ ಹಾಕಲು ಅದು ಬೇಕಂತೆ. ನಾವು ಹೊಲಿಗೆಯವರು ಮ್ಯಾಚಿಂಗ್ ತುಂಡು ಬಟ್ಟೆ ಎತ್ತಿಡುವುದಿಲ್ಲವೇ, ಹಾಗೆ. ರೇಡಿಯೋದವರೆಲ್ಲ ಇದನ್ನು ಮಾಡುತ್ತಾರೆ. ಆದರೆ ಅವರೆಲ್ಲ ಅದನ್ನು ಕೆಲಸದ ಜಾಗದಲ್ಲಿ ಮಾಡುತ್ತಾರೆ. ಚಿಕ್ಕಮ್ಮ ನನ್ನ ನಿಶ್ಚಿತಾರ್ಥದಲ್ಲೂ ಮಾಡಿದಳು! ಬೀಗರು ಮಾತುಕತೆಗೆ ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಕೈ ಎತ್ತಿ, "ಒಂದು ನಿಮಿಷ, ಯಾರೂ ಮಾತಾಡಬೇಡಿ. ಬೇಕಾದರೆ ಉಸಿರಾಡಬಹುದು" ಎಂದಳು. ನಮ್ಮ ಮಾವನವರು ಅಂದಿನಿಂದ ಅವಳನ್ನು ಕಂಡರೆ ಮಾತೂ ಆಡುವುದಿಲ್ಲ, ಉಸಿರನ್ನೂ ಲೆಕ್ಕ ಹಾಕಿಯೇ ಬಿಡುತ್ತಾರೆ.

ಜಗಳೂರಿನ ಕಡೆಯ ಸೊಕ್ಕೆ ಎಂಬ ಊರಿನಲ್ಲಿ ನಡೆದದ್ದನ್ನು ಮಾತ್ರ ಹೇಳಲೇಬೇಕು. ಅವತ್ತು ಬ್ಯಾಗ್ ಹಿಡಿಯಲು ನಾನೂ ಹೋಗಿದ್ದೆ. ಊರ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು ಕುರಿಗಳ ಬಗ್ಗೆ ಒಂದು ಗಂಟೆ ಸೊಗಸಾಗಿ ಮಾತಾಡಿದರು. ಸುತ್ತ ನಲವತ್ತು ಜನ ಸೇರಿದ್ದರು. ಮಾತು ಮುಗಿದ ಮೇಲೆ ಹಿರಿಯರು ನೀರು ಕುಡಿಯಲು ಮನೆ ಕಡೆ ಹೋದರು. ಚಿಕ್ಕಮ್ಮ ಎದ್ದು ನಿಂತು, ರೇಡಿಯೋ ದನಿಯಲ್ಲಿ, "ಈಗ ನಾವೆಲ್ಲರೂ ಒಂದು ನಿಮಿಷ ಮೌನವಾಗಿರೋಣ" ಎಂದಳು.

ನಲವತ್ತು ಜನ ಎದ್ದು ನಿಂತರು. ಗಂಡಸರು ರುಮಾಲು ತೆಗೆದರು, ಹೆಂಗಸರು ತಲೆ ಮೇಲೆ ಸೆರಗು ಎಳೆದುಕೊಂಡರು. ಎಲ್ಲರೂ ತಲೆ ತಗ್ಗಿಸಿದರು. ನನಗೆ ಹೊಟ್ಟೆಯೊಳಗೆ ನಗು ಕುಣಿಯುತ್ತಿದೆ, ಚಿಕ್ಕಮ್ಮ ಕಣ್ಣಲ್ಲೇ ಗದರುತ್ತಿದ್ದಾಳೆ! ನಿಮಿಷ ಮುಗಿಯುವ ಹೊತ್ತಿಗೆ ಒಬ್ಬಾಕೆ ಸಣ್ಣಗೆ ಅಳತೊಡಗಿದ್ದಳು.

"ಯಾರು ಹೋಗಿದ್ದು ರೀ ಅಕ್ಕಾರೇ?" ಎಂದು ಮುಂದೆ ನಿಂತವನು ಕೇಳಿದ.

"ಯಾರೂ ಇಲ್ಲಪ್ಪ. ಇದು ರೆಕಾರ್ಡಿಂಗಿಗೆ."

ಅಳುತ್ತಿದ್ದಾಕೆ ಮೂಗು ಒರೆಸಿಕೊಂಡು ಸಿಟ್ಟಿನಿಂದ ಮುಂದೆ ಬಂದಳು. "ಯಾರೂ ಸತ್ತಿಲ್ಲ ಅಂದ್ರೆ ನಾನ್ಯಾಕವ್ವ ಅತ್ತಿದ್ದು?"

ಕಥೆ ಅಲ್ಲಿಗೆ ಮುಗಿಯಲಿಲ್ಲ. ದೂರದಿಂದ ನೋಡಿದ ಯಾರೋ ಬೈಕಿನಲ್ಲಿ ಹಿರಿಯರ ಬೀಗರ ಊರು ಬಿಳಿಚೋಡಿಗೆ ಹೋದರು. ಕಟ್ಟೆಯ ಮೇಲೆ ಹಿರಿಯರು ಕಾಣಲಿಲ್ಲ, ರೇಡಿಯೋದವರು ಬಂದು ಶೋಕ ಆಚರಿಸಿದರು ಎಂದು ಸುದ್ದಿ ಮುಟ್ಟಿಸಿದರು. ನಾವು ಬಸ್ಸಿಗೆ ಕಾಯುತ್ತಿದ್ದಾಗಲೇ ಹಿರಿಯರ ಬೀಗರು ಟೆಂಪೋ ಮಾಡಿಕೊಂಡು ದೊಡ್ಡ ಹಾರದ ಸಮೇತ ಬಂದಿಳಿದರು. ಬಾಗಿಲಲ್ಲಿ ಹಿರಿಯರೇ ನಿಂತಿದ್ದರು. ಹಾರವನ್ನು ಒಮ್ಮೆ, ಬೀಗರ ಮುಖವನ್ನು ಒಮ್ಮೆ ನೋಡಿ, "ಹೆಂಗೂ ತಂದೀರಿ, ಹಾಕಿಬಿಡ್ರಿ. ಉಂಡು ಹೋಗ್ರಿ" ಎಂದರು.

ಇಷ್ಟೆಲ್ಲ ಮೌನ ಕೂಡಿಡುವ ಚಿಕ್ಕಮ್ಮನಿಗೆ ಸ್ಟುಡಿಯೋದೊಳಗೆ ಮಾತ್ರ ಮೌನವೆಂದರೆ ಹಾವು ಕಂಡಷ್ಟು ಭಯ. ಒಂದು ಬುಧವಾರ ನೇರ ಪ್ರಸಾರದ ನಡುವೆ ಫೋನ್ ಲೈನ್ ಸತ್ತುಹೋಯಿತು, ಹಾಡಿನ ಕಂಪ್ಯೂಟರ್ ಕೂಡ ಕೈಕೊಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಕ್ಷಮೆ ಕೇಳುತ್ತಿದ್ದರು. ಇವಳು ಹೊನ್ನಾಳಿಯಿಂದ ಜಗಳೂರಿನವರೆಗೆ ಬಸ್ಸು ನಿಲ್ಲುವ ಊರುಗಳನ್ನೆಲ್ಲ ಒಂದೊಂದಾಗಿ, ಪ್ರತಿಯೊಂದಕ್ಕೂ ಒಂದು ಒಳ್ಳೆಯ ಮಾತು ಸೇರಿಸಿ ಹೇಳುತ್ತಾ ನಾಲ್ಕು ನಿಮಿಷ ಎಳೆದಳು! ಕೇಂದ್ರದವರು ನಿಟ್ಟುಸಿರು ಬಿಟ್ಟರು. ಆದರೆ ಆ ವಾರ ಕೇಳುಗರಿಂದ ಬಂದ ಪತ್ರಗಳಲ್ಲಿ ಒಂದೇ ದೂರು: ನಮ್ಮ ಊರು ಯಾಕೆ ಬಿಟ್ಟಿರಿ? ಒಬ್ಬರಂತೂ, "ನಮ್ಮಲ್ಲಿ ಬಸ್ಸು ನಿಲ್ಲುವುದಿಲ್ಲ ನಿಜ, ನಿಮ್ಮ ಬಾಯಲ್ಲಾದರೂ ನಿಲ್ಲಬಾರದಿತ್ತೇ?" ಎಂದು ಬರೆದಿದ್ದರು.

ಈಚೆಗೆ ಅವಳ ಗಂಟಲು ಸ್ವಲ್ಪ ಕೆಟ್ಟಿತ್ತು. ಒಂದು ಬುಧವಾರ ನನಗೆ ಎಂದಿನಂತೆ ಫೋನ್ ಬಂತು. ಪ್ರಶ್ನೆ ಮಾತ್ರ ಬೇರೆ.

"ನಿನಗೆ ಗೊತ್ತಾಯ್ತೇನೇ?"

"ಏನು?"

"ಕೆಮ್ಮು! ಎರಡನೇ ಹಾಡಿಗೆ ಮುಂಚೆ ಕೆಮ್ಮು ಬಂತು. ಕೆಮ್ಮು ಬಂದ್ರೆ ಮೈಕ್ ಮುಚ್ಚಾಕೆ ಒಂದು ಗುಂಡಿ ಇರುತ್ತೆ. ಒತ್ತೋದು ಒಂಚೂರು ತಡವಾಯ್ತು. ಅರ್ಧ ಕೆಮ್ಮು ಆಚೆ ಹೋಗಿಬಿಡ್ತು!"

ನಾನು ಇಡೀ ಕಾರ್ಯಕ್ರಮ ಕೇಳಿದ್ದೆ, ನನಗೇನೂ ಕೇಳಿಸಿರಲಿಲ್ಲ. ಸ್ಟುಡಿಯೋದ ಎಂಜಿನಿಯರಿಗೂ ಕೇಳಿಸಿರಲಿಲ್ಲ. ಮತ್ತೆ ಮತ್ತೆ ವಿಚಾರಿಸಿ ಖಾತ್ರಿ ಮಾಡಿಕೊಂಡ ಮೇಲೆ ಚಿಕ್ಕಮ್ಮನಿಗೆ ಖುಷಿಯೋ ಖುಷಿ. "ನಾಲ್ಕು ತಾಲ್ಲೂಕಿನಾಗೆ ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ ಕಣೇ! ಇದಕ್ಕೆ ಅನ್ನೋದು ಅನುಭವ ಅಂತ!"

ಆ ಶನಿವಾರ ಅವಳಿಗೆ ಹಳೆಯ ಅಡುಗೆಮನೆಗಳ ಸದ್ದಿನ ಬಗ್ಗೆ ಒಂದು ಕಾರ್ಯಕ್ರಮಕ್ಕೆ ರೆಕಾರ್ಡಿಂಗ್ ಬೇಕಾಗಿತ್ತು. ನ್ಯಾಮತಿಗೇ ಹೋಗೋಣ ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಮನೆಗೆ ರೆಕಾರ್ಡರ್ ಒಯ್ದವಳಲ್ಲ. ಸ್ಕೂಟಿಯಲ್ಲಿ ನನ್ನ ಹಿಂದೆ ಕೂತವಳು ದಾರಿಯುದ್ದಕ್ಕೂ ಒಮ್ಮೆಯೂ ಸಮಯ ಹೇಳಲಿಲ್ಲ.

ಅಜ್ಜಿ ರೆಕಾರ್ಡರನ್ನು ಹಾವಾಡಿಗನ ಬುಟ್ಟಿ ನೋಡಿದಂತೆ ನೋಡಿದಳು.

"ಅವ್ವ, ನೀನು ಮಾತಾಡೋದು ಬ್ಯಾಡ. ರೊಟ್ಟಿ ಬಡಿ, ಸಾಕು."

"ರೊಟ್ಟಿ ಬಡಿಯೋದು ನಿನ್ನ ಹೊಟ್ಟೆಗೆ. ನಿನ್ನ ಡಬ್ಬಿಗಲ್ಲ" ಎಂದು ಅಜ್ಜಿ ಬಡಿಯಲು ಕೂತಳು. ಮೂವರು ಉಣ್ಣುವುದಕ್ಕೆ ಹದಿನಾಲ್ಕು ರೊಟ್ಟಿ ಬಡಿದಳು, ಬೇಕಂತಲೇ ಜೋರಾಗಿ. ಅದು ಮುಗಿದ ಮೇಲೆ ಬಂತು ನೋಡಿ ಆ ಒಂದು ನಿಮಿಷ. ಚಿಕ್ಕಮ್ಮ ರೆಕಾರ್ಡರನ್ನು ಗೂಡಿನಲ್ಲಿ, ಭರಣಿ ಹೊತ್ತ ರೇಡಿಯೋದ ಪಕ್ಕದಲ್ಲೇ ಇಟ್ಟು, "ಎಲ್ಲರೂ ಹೊರಗೆ ನಡೀರಿ" ಎಂದಳು.

"ಒಲೆ ಮೇಲೆ ಸಾರೈತೆ. ನನ್ನ ಅಡುಗೆಮನೆಯಿಂದ ನನ್ನನ್ನೇ ದಬ್ತೀಯೇನೇ?" ಅಜ್ಜಿ ಅಲುಗಲಿಲ್ಲ.

"ಸರಿ, ಇರು. ಮಾತಾಡಬ್ಯಾಡ ಮತ್ತೆ."

"ನಿನ್ನ ಮಿಷನ್ ಕೂಡ ನಾನ್ಯಾಕೆ ಮಾತಾಡ್ಲಿ? ನನಗೇನು ಹುಚ್ಚೇ?"

ನಾವಿಬ್ಬರೂ ಪಡಸಾಲೆಯಲ್ಲಿ ಗಡಿಯಾರ ನೋಡುತ್ತಾ ನಿಂತೆವು. ನಿಮಿಷ ಮುಗಿಯಿತು. ಚಿಕ್ಕಮ್ಮ ಒಳಗೆ ಹೋಗಿ ರೆಕಾರ್ಡರ್ ತಂದಳು. ಉಂಡೆವು, ಹೊರಟೆವು. ರೇಡಿಯೋದ ಬಗ್ಗೆ ಅಜ್ಜಿ ಎಂದಿನಂತೆ ತುಟಿ ಪಿಟಕ್ಕೆನ್ನಲಿಲ್ಲ. ಸ್ಕೂಟಿಯ ಕನ್ನಡಿಯಲ್ಲಿ ಚಿಕ್ಕಮ್ಮನ ಮುಖ ಬಾಡಿದ್ದು ಕಂಡು ನನಗೂ ಬೇಜಾರಾಯಿತು.

ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಕೂತು ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ರೆಕಾರ್ಡಿಂಗ್ ಕೇಳತೊಡಗಿದಳು. ನಾನು ಒಂದು ಬ್ಲೌಸಿಗೆ ಕಾಲರ್ ಕೂರಿಸುತ್ತಿದ್ದೆ. ಒಮ್ಮೆಲೇ ಅವಳ ಕೈ ಮೇಲೆದ್ದಿತು. ಮಿಷನ್ ನಿಲ್ಲಿಸಿದೆ. ಒಂದು ಇಯರ್‌ಫೋನ್ ಕಳಚಿ ನನ್ನ ಕಿವಿಗಿಟ್ಟಳು.

ಸಾರು ಕುದಿಯುವ ಸದ್ದು. ಮುಚ್ಚಳ ಸರಿಸಿದ ಸದ್ದು. ಆಮೇಲೆ ಬರಿಗಾಲ ಹೆಜ್ಜೆ, ತೀರ ಹತ್ತಿರದಲ್ಲಿ ಉಸಿರು. ಆಮೇಲೆ, ಸಾಹೇಬರ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳಲ್ಲ, ಅದೇ ತಗ್ಗಿದ ದನಿಯಲ್ಲಿ ನಮ್ಮ ಅಜ್ಜಿ:

"ಯಾರಿದ್ದೀರೋ ಏನೋ ರೀ ಒಳಗೆ. ಕೇಳ್ತೈತಾ? ನಮ್ಮ ಹುಡುಗಿ ಮೊನ್ನೆ ಬುಧವಾರ ಕೆಮ್ಮಿದ್ಲು. ಎರಡನೇ ಪದ ಹಾಕೋಕೆ ಮುಂಚೆ. ಸಣ್ಣಗೆ. ನಿಮಗ್ಯಾರಿಗೂ ಗೊತ್ತಾಗಿರಂಗಿಲ್ಲ. ಮೆಣಸು ಜೀರಿಗೆ ಕಷಾಯ ಮಾಡ್ಕಂಡು ಕುಡಿಯಾಕೆ ಹೇಳ್ರಿ. ನಾನು ಹೇಳ್ದೆ ಅಂತ ಹೇಳಬ್ಯಾಡ್ರಿ."

ಮತ್ತೆ ಹೆಜ್ಜೆ. ಮತ್ತೆ ಸಾರು ಕುದಿಯುವ ಸದ್ದು.

ಚಿಕ್ಕಮ್ಮ ಅದನ್ನು ಮೂರು ಸಲ ಹಾಕಿದಳು. ನಾಲ್ಕನೇ ಸಲಕ್ಕೆ ಗುಂಡಿ ಒತ್ತಲು ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. "ಕೇಳ್ತಾಳೆ ಕಣೇ" ಎಂದಳು. "ಹೆಪ್ಪಲ್ಲ ಕಣೇ ಅದು. ನಮ್ಮವ್ವ ನನ್ನ ಕೇಳಾಕೆ ಹೋಗ್ತಿದ್ಲು." ನಾಲ್ಕು ನಿಮಿಷ ಊರುಗಳ ಹೆಸರು ಹೇಳಿ ಗಾಳಿ ತುಂಬಿಸಿದವಳಿಗೆ ಮುಂದೆ ಒಂದು ಮಾತೂ ಬರಲಿಲ್ಲ. ನನಗೂ ಅಳು ಬಂದಿತ್ತು.

ಮುಂದಿನ ಬುಧವಾರ ನಾನು ಅಂಗಡಿ ಮುಚ್ಚಿ ನ್ಯಾಮತಿಗೆ ಹೋದೆ. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅಜ್ಜಿ ಬಟ್ಟಲು ಹಿಡಿದು ಹೊರಟಳು. ನಾನೂ ಹಿಂದೆ ಹೊರಟೆ. "ನೀನ್ಯಾಕೆ?" ಎಂದಳು. "ಹೆಪ್ಪಿಗೆ" ಎಂದೆ. ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿ ಮುಂದೆ ನಡೆದಳು.

ಗೌರಕ್ಕನ ಪಡಸಾಲೆಯಲ್ಲಿ ರೇಡಿಯೋ ಆಗಲೇ ಹಾಡುತ್ತಿತ್ತು. ಅದರ ಪಕ್ಕದಲ್ಲಿ ಒಂದು ಮಣೆ ಹಾಕಿಟ್ಟಿತ್ತು. ಅಜ್ಜಿ ಯಾರನ್ನೂ ಕೇಳದೆ ಅದರ ಮೇಲೆ ಕೂತಳು. ಒಂದು ಗಂಟೆ ಕಾಲ ರೆಪ್ಪೆ ಬಡಿಯದೆ, ರೇಡಿಯೋ ಕಡೆ ಕಿವಿ ಕೊಟ್ಟು ಕೂತೇ ಇದ್ದಳು. ಕೊನೆಗೆ ಚಿಕ್ಕಮ್ಮ ಎಂದಿನಂತೆ ಎಲ್ಲರಿಗೂ ಧನ್ಯವಾದ ಹೇಳಿ, ಸಮಯ ಹೇಳಿ, ನಮಸ್ಕಾರ ಎಂದಳು. ಆಮೇಲೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಾಲ್ಕು ತಾಲ್ಲೂಕಿಗೂ ಕೇಳುವಂತೆ ಅವಳ ಮನೆಯ ದನಿ: "ಕಷಾಯ ಕುಡಿದೆ ಕಣವ್ವ."

ಗೌರಕ್ಕ ಬಾಯಿ ತೆರೆದುಕೊಂಡು ನೋಡಿದಳು. ಅಜ್ಜಿಯ ಸೆರಗು ಕಣ್ಣಿಗೆ ಹೋಯಿತು, ತುಂಬ ಹೊತ್ತು ಅಲ್ಲೇ ಇತ್ತು. ಕೊನೆಗೆ ಬಟ್ಟಲನ್ನು ಅಲ್ಲೇ ಮರೆತು ಎದ್ದು ಮನೆಗೆ ನಡೆದಳು. ಅಡುಗೆಮನೆಯ ಗೂಡಿನ ಮುಂದೆ ನಿಂತು ನನ್ನನ್ನು ಕರೆದಳು.

"ಈ ಭರಣಿ ಇಳಿಸು. ಹಂಗೇ ಅಂಗಡಿಗೆ ಹೋಗಿ ಸೆಲ್ ತಗಂಬಾ. ಕುಡಿಯೋ ಕಾಫಿಗೂ ಟೈಮ್ ಹೇಳೋಳು, ಕಷಾಯ ಯಾವಾಗ ಕುಡಿದ್ಲು ಅಂತ ಹೇಳಲಿಲ್ಲ ನೋಡು. ಸುಳ್ಳಿ! ಕುಡಿದಿರಂಗಿಲ್ಲ. ಬರೋ ಬುಧವಾರ ಮನ್ಯಾಗೇ ಕೂತು ಸರಿಯಾಗಿ ಕೇಳಬೇಕು, ಕೆಮ್ಮು ಹೋತೋ ಇಲ್ವೋ ಅಂತ."